ಸಂವಹನ ಶಾಲೆಯ ಲೆಕ್ಕದ ವಹಿಯಲ್ಲಿ ಹುಲೇಕಲ್ಲಿನ ಪಾಲೆಷ್ಟು?

ಮಾರ್ಚ್ ತಿಂಗಳು ಮುಗಿಯಿತೆಂದರೆ ಅಂಗಡಿಕಾರರಿಗೆ ಲೆಕ್ಕ ಮುಗಿಸುವ ತಲೆಬಿಸಿ. ಕೀರ್ದಿ ತೆಗೆಯಬೇಕು, ಉದ್ರಿ ಎಷ್ಟು ಬಾಕಿ ಉಳಿದಿದೆ ನೋಡಬೇಕು, ಶಿಲ್ಕು ಹೊಂದಿಸಬೇಕು. ಕಾಲೇಜು, ವಿಶ್ವವಿದ್ಯಾಲಯಗಳಿಗೂ ವರ್ಷದ ಕೊನೆಗೆ ಇಂಥದೇ ಒಂದು ಲೆಕ್ಕ ಬರೆಯುವ ಕೆಲಸ ಇರುತ್ತದೆ. ಅದಕ್ಕೆ ಅವರು ‘ವಾರ್ಷಿಕ ವರದಿ’ ಎನ್ನುತ್ತಾರೆ. ನುಣುಪು ಕಾಗದ, ಬಣ್ಣದ ಫೋಟೋ, ಮುಖ್ಯ ಅತಿಥಿಗಳಿಗೆ ಹಾರ, ದೀಪ ಹಚ್ಚುವ ಚಿತ್ರ.

ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಕಲಿಸುವ ವಿಭಾಗಗಳ ವರದಿಗಳೂ ಇದಕ್ಕೆ ಹೊರತಲ್ಲ. ಇಷ್ಟು ಜನರಿಗೆ ರ್‍ಯಾಂಕು, ಇಷ್ಟು ಜನರಿಗೆ ಬೆಂಗಳೂರಿನಲ್ಲಿ ನೌಕರಿ, ಇಷ್ಟು ವಿಚಾರ ಸಂಕಿರಣ, ಒಂದು ಅಧ್ಯಯನ ಪ್ರವಾಸ, ಕಿರುಚಿತ್ರಕ್ಕೆ ಬಹುಮಾನ, ಹಳೆ ವಿದ್ಯಾರ್ಥಿಗಳ ಕೂಟ. ಕಟ್ಟಕಡೆಗೆ ಒಂದು ಸಾಲು: ‘ಸಮುದಾಯದೊಂದಿಗೆ ಕಾರ್ಯಕ್ರಮ’. ಆ ಸಾಲಿನ ಮುಂದೆ ಎಷ್ಟೋ ಸಲ ಒಂದು ದಿನದ ಶಿಬಿರ, ಒಂದು ಜಾಥಾ, ನಾಲ್ಕು ಫೋಟೋ. ಅಲ್ಲಿಗೆ ಮುಗಿಯಿತು.

ಹುಲೇಕಲ್ಲಿನ ಅಂಗಡಿ ಕಟ್ಟೆಯ ಮೇಲೆ ಕೂತು ಶಿರಸಿ ಬಸ್ಸಿಗೆ ಕಾಯುವವರಿಗೆ ಈ ವರದಿ ಎಂತಕ್ಕೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ್ದೇ. ಆದರೆ ಆ ಕೊನೆಯ ಸಾಲಿನಲ್ಲೇ ನಮ್ಮ ಪಾಲು ಇರುವುದು. ಅದನ್ನು ಕೇಳಿ ತೆಗೆದುಕೊಳ್ಳುವವರು ಇಲ್ಲದ್ದರಿಂದ ಅದು ಒಂದೇ ಸಾಲಾಗಿ ಉಳಿದಿದೆ.

ಸುದ್ದಿ ಹೊರಗೆ ಹೋಗುವುದು ಗುಡ್ಡ ಕುಸಿದಾಗ

ನಮ್ಮ ಕಡೆಯ ಸುದ್ದಿ ದೊಡ್ಡ ಪತ್ರಿಕೆಯ ಮೊದಲ ಪುಟಕ್ಕೆ, ಟೀವಿ ಪರದೆಗೆ ಹೋಗುವುದು ಯಾವಾಗ? 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜಾರಿ ಮನೆ, ತೋಟ, ರಸ್ತೆ ಹೋದಾಗ ಹೋಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದಾಗ ಕೇರಳದ ಚಾನೆಲ್ಲಿನವರೂ ಬಂದು ದಿನಗಟ್ಟಲೆ ಬೀಡುಬಿಟ್ಟರು. ಜನ ಸತ್ತ ಮೇಲೆ ಬರುವ ಕ್ಯಾಮೆರಾ ಬೇಡವೆಂದಲ್ಲ. ಬರಲಿ. ಆದರೆ ಮಳೆಗಾಲಕ್ಕೆ ಮುಂಚೆ, ಗುಡ್ಡದ ನೆತ್ತಿಯಲ್ಲಿ ಬಿರುಕು ಬಿಟ್ಟಿದೆ, ಒರತೆಯ ನೀರು ಕೆಂಪಗೆ ಬರುತ್ತಿದೆ ಎಂದು ಊರವರು ಹೇಳಿಕೊಳ್ಳುವಾಗ ಅದನ್ನು ಕೇಳಿ ನಾಲ್ಕು ಊರಿಗೆ ಮುಟ್ಟಿಸುವವರು ಬೇಡವೆ?

ಇನ್ನೊಂದು ಮಾತು. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಪಕ್ಕದ ಸಿದ್ದಾಪುರ ತಾಲೂಕನ್ನು ಎಷ್ಟೋ ಸಲ ಕಾಡಿದೆ. 2024ರ ಬೇಸಿಗೆಯಲ್ಲೂ ಕಾಡಿತು. ಸೊಪ್ಪಿಗೆ, ದರಕಿಗೆ ಕಾಡಿಗೆ ಹೋದವರ ಮೈಗೆ ಹತ್ತುವ ಸಣ್ಣ ಉಣುಗು ಇದನ್ನು ಹರಡುತ್ತದೆ. ಯಾವ ಕೇರಿಯ ಹತ್ತಿರ ಮಂಗ ಸತ್ತು ಬಿದ್ದಿದೆ, ಯಾವ ದಿಕ್ಕಿಗೆ ದನ ಹೊಡೆಯಬಾರದು, ಮೈಗೆ ಹಚ್ಚುವ ಎಣ್ಣೆ ಎಲ್ಲಿ ಸಿಗುತ್ತದೆ ಎಂಬುದು ಬೆಂಗಳೂರಿನ ಪತ್ರಿಕೆ ಬರೆಯುವ ಸುದ್ದಿಯಲ್ಲ. ಬರೆದರೂ ಮರುದಿನದ ಬಸ್ಸಿಗೆ ಬರುತ್ತದೆ. ಅದು ಆ ದಿನವೇ, ಆ ಕೇರಿಗೇ, ಆ ಕೇರಿಯ ಮಾತಿನಲ್ಲೇ ಮುಟ್ಟಬೇಕಾದ ಸುದ್ದಿ.

ಮೊಬೈಲು ಇದೆಯಲ್ಲ ಎನ್ನುತ್ತೀರಿ. ಇದೆ. ಮೂರು ದಿನ ಜಡಿಮಳೆ ಹಿಡಿದು, ಕರೆಂಟು ಹೋಗಿ, ಟವರಿನ ಬ್ಯಾಟರಿ ಇಳಿದ ಮೇಲೆ ಎಲ್ಲಿ ಮೊಬೈಲು? ಸಿಗ್ನಲ್ಲು ಹುಡುಕಿ ಗುಡ್ಡ ಹತ್ತಬೇಕು. ಸಿಗ್ನಲ್ಲು ಇರುವ ದಿನವೂ ವಾಟ್ಸಾಪಿನಲ್ಲಿ ಬರುವುದರಲ್ಲಿ ಸುಳ್ಳೆಷ್ಟು, ನಿಜವೆಷ್ಟು ಎಂದು ಜರಡಿ ಹಿಡಿಯುವವರಿಲ್ಲ. ಹೋದ ವರ್ಷ ಬಿದ್ದ ಮರದ ಫೋಟೋ ಈ ವರ್ಷವೂ ಬೀಳುತ್ತದೆ!

ಸುದ್ದಿಯನ್ನು ಹೆಕ್ಕುವುದು, ಜರಡಿ ಹಿಡಿಯುವುದು, ಬೇಕಾದವರಿಗೆ ಮುಟ್ಟಿಸುವುದು. ಇದು ಒಂದು ಕಸಬು. ಇದನ್ನು ಕಲಿಸುತ್ತೇವೆ ಎಂದೇ ಪತ್ರಿಕೋದ್ಯಮ ಶಾಲೆಗಳು ನಡೆಯುವುದು. ಹಾಗಿದ್ದ ಮೇಲೆ ಆ ಶಾಲೆಗಳ ಸಾಧನೆಯನ್ನು ನಾವು ನಮ್ಮ ಅಳತೆಗೋಲಿನಿಂದ ಅಳೆದರೆ ತಪ್ಪೇನು?

ಮೊದಲ ದಿನವೇ ಪತ್ರಿಕೆ

ಈ ಅಳತೆಗೋಲು ಈ ಅಂಕಣದವರು ಕೂತು ಹೊಸೆದದ್ದಲ್ಲ. ಪತ್ರಿಕೋದ್ಯಮ ಶಾಲೆ ಹುಟ್ಟಿದ ದಿನವೇ ಅದೂ ಹುಟ್ಟಿತು. ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಇಂಥ ಶಾಲೆ ಶುರುವಾಯಿತು. ಅದರ ಮುಖ್ಯಸ್ಥ ವಾಲ್ಟರ್ ವಿಲಿಯಮ್ಸ್. ಸೆಪ್ಟೆಂಬರ್ 14ರಂದು ಮೊದಲ ಪಾಠ. ಅದೇ ದಿನ ವಿದ್ಯಾರ್ಥಿಗಳು ದುಡಿದ ಪತ್ರಿಕೆಯ ಮೊದಲ ಸಂಚಿಕೆಯೂ ಹೊರಬಿತ್ತು. ಅದು ಕಾಲೇಜಿನೊಳಗೆ ಹಂಚುವ ಪತ್ರಿಕೆಯಲ್ಲ, ಕೊಲಂಬಿಯಾ ಎಂಬ ಆ ಊರಿನವರು ಓದುವ ಪತ್ರಿಕೆ. ಊರಿನ ಸುದ್ದಿ ತಪ್ಪಾಗಿ ಬಂದರೆ ಊರವರು ಬಂದು ಕೇಳುತ್ತಿದ್ದರು. ಅದೇ ಪರೀಕ್ಷೆ.

ಕಿರಾಣಿ ಅಂಗಡಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಕ್ಕಡಿ ಹಿಡಿಯಲು ಕಲಿಯಬೇಕಾದರೆ ಗಿರಾಕಿಯ ಎದುರಿಗೇ ಕಲಿಯಬೇಕು. ಪುಸ್ತಕದಲ್ಲಿ ತಕ್ಕಡಿಯ ಚಿತ್ರ ನೋಡಿದರೆ ಆಗೋದಿಲ್ಲ.

ನಮ್ಮ ದೇಶದಲ್ಲಿ 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯ ಪತ್ರಿಕೋದ್ಯಮ ಕಲಿಸಲು ತೊಡಗಿತು. ಕನ್ನಡ ನಾಡಿನಲ್ಲಿ ಇದಕ್ಕೆ ಬುನಾದಿ ಬಿದ್ದದ್ದು 1951ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ. ಅಮೆರಿಕದ ಮಿಸ್ಸೌರಿಯಲ್ಲೇ ಕಲಿತು ಬಂದ ನಾಡಿಗ ಕೃಷ್ಣಮೂರ್ತಿ ಅಲ್ಲಿ ಪಾಠ ಶುರುಮಾಡಿದರು. ಅವರ ಕೈಯಲ್ಲಿ ಕಲಿತವರು ಮುಂದೆ ನಾಡಿನ ಪತ್ರಿಕೆಗಳಲ್ಲಿ, ಆಕಾಶವಾಣಿಯಲ್ಲಿ, ವಾರ್ತಾ ಇಲಾಖೆಯಲ್ಲಿ ಸೇರಿಕೊಂಡರು.

ಮೇಷ್ಟ್ರ ಮನೆಯ ರೇಡಿಯೊ

ಆದರೆ ಅದೇ ಮಹಾರಾಜಾ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ ಬರುವುದಕ್ಕೂ 16 ವರ್ಷ ಮುಂಚೆ ಇನ್ನೊಂದು ಕೆಲಸ ನಡೆದಿತ್ತು. ಇದು ಬಹಳ ಜನರಿಗೆ ಗೊತ್ತಿಲ್ಲ.

ಎಂ.ವಿ. ಗೋಪಾಲಸ್ವಾಮಿ ಎಂಬವರು ಅಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಓದಿ ಬಂದವರು. 1935ರ ಸೆಪ್ಟೆಂಬರ್ 10ರಂದು ಅವರು ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಒಂದು ರೇಡಿಯೊ ಪ್ರಸಾರ ಶುರುಮಾಡಿದರು. 30 ವ್ಯಾಟಿನ ಸಣ್ಣ ಯಂತ್ರ. ಇವತ್ತು ನಮ್ಮ ಜಗಲಿಯಲ್ಲಿ ಉರಿಯುವ ಬಲ್ಬಿನ ಲೆಕ್ಕಕ್ಕೆ ಹತ್ತಿರದ್ದು! ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. 1940ರ ದಶಕದಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. ಮುಂದೆ ಇಡೀ ದೇಶದ ರೇಡಿಯೊಕ್ಕೇ ಆ ಹೆಸರು ಬಂತು. ಒಬ್ಬ ಮೇಷ್ಟ್ರ ಮನೆಯಲ್ಲಿ ಹುಟ್ಟಿದ ಹೆಸರು ದೇಶದ ಬಾಯಲ್ಲಿ ನಿಂತಿತು.

ಆ ವರ್ಷ ಮಹಾರಾಜಾ ಕಾಲೇಜಿನ ವರದಿಯಲ್ಲಿ ಎಷ್ಟು ರ್‍ಯಾಂಕು ಬಂದವು ಎಂದು ಇವತ್ತು ಯಾರೂ ಕೇಳುವುದಿಲ್ಲ. ಗೋಡೆಯ ಹೊರಗಿನವರ ಕಿವಿಗೆ ಮುಟ್ಟಿದ ಕೆಲಸ ಮಾತ್ರ ನೆನಪಿನಲ್ಲಿ ಉಳಿದಿದೆ.

ಧಾರವಾಡದ ನಂಟು

ಮೈಸೂರು ನಮಗೆ ದೂರ. 1956ರ ತನಕ ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆಗೆ ಓದು, ಕೋರ್ಟು, ಆಸ್ಪತ್ರೆ ಎಂದರೆ ಧಾರವಾಡ, ಹುಬ್ಬಳ್ಳಿ. ನಮ್ಮ ಹುಡುಗರ ಡಿಗ್ರಿಯ ಮೇಲೂ ಕರ್ನಾಟಕ ವಿಶ್ವವಿದ್ಯಾಲಯದ ಮೊಹರು. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯನ್ನು ಕೇಳುತ್ತ ಅಡಿಕೆ ಸುಲಿದವರು ನಮ್ಮಲ್ಲಿ ಮನೆಮನೆಗೆ ಇದ್ದರು. ರಾತ್ರಿ ಯಕ್ಷಗಾನ ತಾಳಮದ್ದಳೆ ಇದೆ ಎಂದರೆ ಪಕ್ಕದ ಮನೆಯವರೂ ಬಂದು ಕೂರುತ್ತಿದ್ದರು.

ಇದೇ ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಸಮುದಾಯ ರೇಡಿಯೊ ಒಂದನ್ನು ಶುರುಮಾಡಿತು. 90.4ರಲ್ಲಿ ಬರುವ ‘ಕೃಷಿ’ ರೇಡಿಯೊ. ಬೀಜ, ಗೊಬ್ಬರ, ಹವಾಮಾನ, ರೋಗ, ಪೇಟೆ ಎಲ್ಲ ಅದರಲ್ಲಿ ಬರುತ್ತದೆ. ವಿಜ್ಞಾನಿ ಹೇಳಿದ್ದನ್ನು ರೈತ ಕೇಳುವುದು ಒಂದು ಭಾಗ. ರೈತ ಹೇಳಿದ್ದನ್ನು ಇನ್ನೊಬ್ಬ ರೈತ ಕೇಳುವುದು ಇನ್ನೊಂದು ಭಾಗ.

ಸಮುದಾಯ ರೇಡಿಯೊ ಎಂದರೆ ಎಂತದು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಆಕಾಶವಾಣಿ ಸರ್ಕಾರದ್ದು. ಎಫ್‌ಎಂ ಸಿನೆಮಾ ಹಾಡಿನ ರೇಡಿಯೊ ವ್ಯಾಪಾರದ್ದು. ಇವೆರಡೂ ಅಲ್ಲದ್ದು ಸಮುದಾಯ ರೇಡಿಯೊ. ಸಾಮಾನ್ಯವಾಗಿ 100 ವ್ಯಾಟಿನ ಶಕ್ತಿ. ಸುತ್ತ ಹತ್ತು ಹದಿನೈದು ಕಿಲೋಮೀಟರಿಗೆ ಕೇಳುತ್ತದೆ. ಅದರಲ್ಲಿ ಕನಿಷ್ಠ ಅರ್ಧ ಭಾಗ ಸುತ್ತಲಿನ ಜನ ಸೇರಿ ಮಾಡಿದ ಕಾರ್ಯಕ್ರಮ ಇರಬೇಕು, ಆದಷ್ಟು ಊರಿನ ಭಾಷೆಯಲ್ಲೇ ಇರಬೇಕು ಎಂಬುದು ನಿಯಮ. ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ಕೊಟ್ಟಿತು. 2002ರ ಕೊನೆಗೆ ಕೇಂದ್ರ ಸರ್ಕಾರ ವಿದ್ಯಾಸಂಸ್ಥೆಗಳಿಗೆ ಮಾತ್ರ ಇಂಥ ರೇಡಿಯೊಕ್ಕೆ ಪರವಾನಗಿ ಕೊಡಲು ಒಪ್ಪಿತು. 2004ರಲ್ಲಿ ಮದ್ರಾಸಿನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ದೇಶದ ಮೊದಲನೆಯದು ಬಂತು. 2006ರಲ್ಲಿ ಬಾಗಿಲು ಇನ್ನಷ್ಟು ತೆರೆಯಿತು. ಕೃಷಿ ವಿಶ್ವವಿದ್ಯಾಲಯಗಳು, ಕೃಷಿ ವಿಜ್ಞಾನ ಕೇಂದ್ರಗಳು, ನೋಂದಾಯಿಸಿ ಮೂರು ವರ್ಷವಾದ ಸೇವಾ ಸಂಸ್ಥೆಗಳು ಕೂಡ ಅರ್ಜಿ ಹಾಕಬಹುದು ಎಂದಾಯಿತು.

ಪರವಾನಗಿಗೆ ಕಾಯದ ಬೂದಿಕೋಟೆ

ಬಾಗಿಲು ತೆರೆಯುವ ಮುಂಚೆಯೇ ಕೋಲಾರ ಜಿಲ್ಲೆಯ ಹಳ್ಳಿಯೊಂದು ಬೇರೆ ದಾರಿ ಹುಡುಕಿತ್ತು. ಬಂಗಾರಪೇಟೆ ತಾಲೂಕಿನ ಬೂದಿಕೋಟೆ. ಹೈದರ್ ಅಲಿ ಹುಟ್ಟಿದ ಊರೆಂದು ಹೆಸರು. ಅಲ್ಲಿ 2000ರ ದಶಕದ ಆರಂಭದಲ್ಲಿ ಮೈರಾಡಾ ಮತ್ತು ವಾಯ್ಸಸ್ ಎಂಬ ಸಂಸ್ಥೆಗಳು ಯುನೆಸ್ಕೋದ ನೆರವಿನಿಂದ ‘ನಮ್ಮ ಧ್ವನಿ’ ಶುರುಮಾಡಿದವು. ಗಾಳಿಯಲ್ಲಿ ಪ್ರಸಾರ ಮಾಡಲು ಆಗ ಕಾನೂನು ಬಿಡುತ್ತಿರಲಿಲ್ಲ. ಟೀವಿ ಕೇಬಲ್ಲಿನ ತಂತಿಯಲ್ಲಿ ಧ್ವನಿ ಬಿಟ್ಟರು! ಸ್ವಸಹಾಯ ಸಂಘದ ಹೆಂಗಸರು, ಶಾಲೆ ಬಿಟ್ಟ ಹುಡುಗರು ಮೈಕು ಹಿಡಿಯಲು ಕಲಿತರು. ಕುಡಿಯುವ ನೀರು, ಮಕ್ಕಳ ಶಾಲೆ, ಸಾಲದ ಬಡ್ಡಿ, ಮನೆಮದ್ದು, ಇವೇ ಕಾರ್ಯಕ್ರಮ. ಡಿಗ್ರಿ ಇಲ್ಲದವರು ಸುದ್ದಿ ಕಸಬು ಮಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಪಿಯುಸಿಗೇ ಪುಸ್ತಕ ಮಡಚಿ ಬಸ್ ಸ್ಟ್ಯಾಂಡಿನ ಸುದ್ದಿಯಿಂದ ಈ ಕಸಬು ಕಲಿತವರಿಗೆ ಈ ಮಾತು ಸ್ವಲ್ಪ ಹೆಚ್ಚೇ ಹಿಡಿಸುತ್ತದೆ, ಅದಿರಲಿ.

ಇತ್ತ ಪಟ್ಟಣದ ಕಾಲೇಜುಗಳೂ ಸುಮ್ಮನಿರಲಿಲ್ಲ. ಬೆಂಗಳೂರಿನ ಜೈನ್ ಸಂಸ್ಥೆಯವರ ‘ರೇಡಿಯೊ ಆಕ್ಟಿವ್’ 2007ರಲ್ಲಿ ಬಂತು. ಕಸ ಆಯುವವರು, ಮನೆಗೆಲಸದವರು, ಲಿಂಗತ್ವ ಅಲ್ಪಸಂಖ್ಯಾತರು ಅಲ್ಲಿ ತಮ್ಮ ಮಾತನ್ನು ತಾವೇ ಆಡಿದರು. ಮಂಗಳೂರಿನಲ್ಲಿ 1880ರಿಂದ ನಡೆಯುತ್ತಿರುವ ಸಂತ ಅಲೋಶಿಯಸ್ ಸಂಸ್ಥೆ 2009ರಲ್ಲಿ ‘ಸಾರಂಗ್’ 107.8 ಶುರುಮಾಡಿತು. ಆಗ ಅದು ಕಾಲೇಜು, 2024ರಿಂದ ಪರಿಗಣಿತ ವಿಶ್ವವಿದ್ಯಾಲಯ. ಕನ್ನಡ, ತುಳು, ಕೊಂಕಣಿ, ಬ್ಯಾರಿ ಹೀಗೆ ಕರಾವಳಿಯ ಮನೆಮಾತುಗಳೆಲ್ಲ ಆ ಒಂದು ರೇಡಿಯೊದಲ್ಲಿ ಕೇಳುತ್ತವೆ. ಮಣಿಪಾಲದಲ್ಲಿ 1997ರಲ್ಲಿ ಶುರುವಾದ ಸಂವಹನ ಶಾಲೆಯೂ ಸಮುದಾಯ ರೇಡಿಯೊ ನಡೆಸುತ್ತದೆ. ನಮ್ಮ ಕಡೆಯಿಂದ ಹುಡುಗ ಹುಡುಗಿಯರು ಪತ್ರಿಕೋದ್ಯಮ ಕಲಿಯಲು ಧಾರವಾಡಕ್ಕೆ, ಉಜಿರೆಗೆ, ಮಣಿಪಾಲಕ್ಕೆ, ಮಂಗಳೂರಿಗೆ ಹೋಗುತ್ತಿರುವುದು ಗೊತ್ತಿದ್ದದ್ದೇ.

ಈ ಶಾಲೆಗಳ ವರ್ಷದ ಸಾಧನೆ ಓದುವಾಗ ರ್‍ಯಾಂಕಿನ ಪಟ್ಟಿಯ ಜೊತೆಗೆ ಇದನ್ನೂ ನೋಡಬೇಕು. ಈ ವರ್ಷ ಗೋಡೆಯ ಹೊರಗಿನ ಎಷ್ಟು ಜನ ಮೈಕಿನ ಮುಂದೆ ಕೂತರು? ಅವರಲ್ಲಿ ಎಷ್ಟು ಜನ ಎರಡನೆಯ ಸಲ ತಾವಾಗಿಯೇ ಬಂದರು? ವಿದ್ಯಾರ್ಥಿಗಳು ಯಾವ ಹಳ್ಳಿಯಲ್ಲಿ ಎಷ್ಟು ರಾತ್ರಿ ಉಳಿದರು? ಇದನ್ನು ಬರೆದರೆ ಅದು ಜಮಾ. ಉಳಿದದ್ದು ಬರೀ ಮಂಟಪದ ಖರ್ಚು.

ಅಡಿಕೆ ಬೆಳೆಯುವವರ ಕೈಗೆ ಲೇಖನಿ

ರೇಡಿಯೊ ಎಂದ ಕೂಡಲೆ ಯಂತ್ರ, ಕಂಬ, ಪರವಾನಗಿ, ಲಕ್ಷಗಟ್ಟಲೆ ದುಡ್ಡು ಎಂದು ಗಾಬರಿ ಬೀಳಬೇಕಿಲ್ಲ. ಬರೀ ಲೇಖನಿಯಿಂದಲೂ ಈ ಕೆಲಸ ಆಗಿದೆ. ಅದೂ ನಮ್ಮಂಥ ಅಡಿಕೆ ಬೆಳೆಗಾರರಿಂದಲೇ.

1988ರಲ್ಲಿ ದಕ್ಷಿಣ ಕನ್ನಡದ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಟಿತು. ಶ್ರೀಪಡ್ರೆಯವರು ಅದನ್ನು ಕಟ್ಟಿದ ರೀತಿಯೇ ಬೇರೆ. ತೋಟದಲ್ಲಿ ದುಡಿಯುವವನೇ ಬರೆಯಬೇಕು, ತಾನು ಮಾಡಿ ನೋಡಿದ್ದನ್ನು ಬರೆಯಬೇಕು. ‘ಕೃಷಿಕರ ಕೈಗೆ ಲೇಖನಿ’ ಎಂದು ಶಿಬಿರ ನಡೆಸಿ ರೈತರಿಗೆ ವರದಿ ಬರೆಯಲು ಕಲಿಸಿದರು. ಶೀರ್ಷಿಕೆ ಹೇಗೆ, ಅಂಕಿ-ಸಂಖ್ಯೆ ಹೇಗೆ, ಸುಳ್ಳು ಭರವಸೆ ಯಾಕೆ ಕೊಡಬಾರದು ಎಂಬುದನ್ನೆಲ್ಲ ತಿದ್ದಿದರು. 2000ದಲ್ಲಿ ಧಾರವಾಡದಲ್ಲಿ ‘ಕೃಷಿ ಮಾಧ್ಯಮ ಕೇಂದ್ರ’ ಹುಟ್ಟಿ ಇದೇ ಕೆಲಸವನ್ನು ಮುಂದುವರಿಸಿತು. ಅಂಚೆಯ ಮೂಲಕ ಕೃಷಿ ಪತ್ರಿಕೋದ್ಯಮದ ಪಾಠ ಕಲಿಸಿತು. ತೋಟಕ್ಕೆ ನೀರು ಬಿಟ್ಟು ಬಂದು ರಾತ್ರಿ ಕೂತು ಪಾಠ ಬರೆದವರು ಇದ್ದಾರೆ.

ಇವು ವಿಶ್ವವಿದ್ಯಾಲಯವಲ್ಲ. ಘಟಿಕೋತ್ಸವ ಇಲ್ಲ, ಕರಿ ನಿಲುವಂಗಿ ಇಲ್ಲ. ಆದರೂ ಸಂವಹನ ಶಾಲೆ ಮಾಡಬೇಕಾದ ಕೆಲಸವನ್ನು ಮಾಡಿ ತೋರಿಸಿದವು. ನಮ್ಮ ಜಿಲ್ಲೆಗೂ ಇದು ಹೊಸತಲ್ಲ. ದಿನಕರ ದೇಸಾಯಿಯವರು ‘ಜನಸೇವಕ’ ವಾರಪತ್ರಿಕೆ ನಡೆಸಿದ್ದು ಊರಿಗಾಗಿಯೇ. ಅವರೇ 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಜಿಲ್ಲೆಯ ಹಳ್ಳಿಗಳಿಗೆ ಹೈಸ್ಕೂಲು ತಂದಿತು. ಪತ್ರಿಕೆಯೂ ಶಾಲೆಯೂ ಅವರಿಗೆ ಒಂದೇ ಕೆಲಸದ ಎರಡು ಕೈ.

ಹುಲೇಕಲ್ಲಿಗೆ ಬೇಕಾದದ್ದೆಂತ?

ಈಗ ಊರಿನ ಲೆಕ್ಕಕ್ಕೆ ಬರೋಣ. ಹುಲೇಕಲ್ ಹೋಬಳಿಯ ಊರುಗಳು ದೂರ ದೂರ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಬೆಟ್ಟ, ಹಳ್ಳ. ಬಸ್ಸು ತಪ್ಪಿದರೆ ಮುಂದಿನ ಬಸ್ಸಿಗೆ ತಾಸುಗಟ್ಟಲೆ ಕಾಯಬೇಕು. ಇಲ್ಲಿ ಸುದ್ದಿ ಎಂದರೆ ದೊಡ್ಡ ಮಾತಲ್ಲ. ದಿನದ ಅಗತ್ಯ.

ಒಂದು ಉದಾಹರಣೆ ಸಾಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧ ಹೊಡೆಯಬೇಕು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಬೋರ್ಡೋ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಎಂತದೆಂದರೆ ನಾಳೆ ಮಳೆ ಹೊಳವಾಗುತ್ತದೆಯೋ ಇಲ್ಲವೋ ಎಂಬುದು. ಕೊನೆಗೌಡ ಸಿಗುವುದೇ ಕಷ್ಟ. ಸಿಕ್ಕ ದಿನ ಮಳೆ ಬಂದರೆ ಮದ್ದೂ ಹೋಯಿತು, ಸಂಬಳವೂ ಹೋಯಿತು. ಈಗ ಎಲೆಚುಕ್ಕೆ ರೋಗ ಬೇರೆ ಸೇರಿದೆ. ಯಾವ ಊರಿನ ತೋಟಕ್ಕೆ ಬಂತು, ಅಲ್ಲಿಯವರು ಎಂತ ಮಾಡಿದರು, ಗುಣ ಕಂಡಿತೋ ಇಲ್ಲವೋ? ಈ ಮಾತು ಊರಿಂದ ಊರಿಗೆ ಹೋಗಬೇಕು. ಶಿರಸಿ ಪೇಟೆಯಲ್ಲಿ ರಾಶಿ, ಚಾಲಿ, ಬೆಟ್ಟೆಗೆ ಇವತ್ತು ಎಷ್ಟು ನಡೆಯಿತು ಎಂಬ ಅಂಕಿ ಸಿಗುತ್ತದೆ. ಯಾಕೆ ಇಳಿಯಿತು ಎಂದು ಬಿಡಿಸಿ ಹೇಳುವವರು ಸಿಗುವುದಿಲ್ಲ.

ಆದ್ದರಿಂದ ಸಂವಹನ ಶಾಲೆಗಳವರು ತಮ್ಮ ಮುಂದಿನ ವರ್ಷದ ವರದಿಗೆ ಸೇರಿಸಿಕೊಳ್ಳಬಹುದಾದ ಮೂರು ಕೆಲಸಗಳನ್ನು ಇಲ್ಲಿ ಇಡುತ್ತೇವೆ. ಯಾವುದೂ ಆಕಾಶದಿಂದ ಇಳಿಸಬೇಕಾದದ್ದಲ್ಲ.

ಒಂದನೆಯದು, ಗೋಡೆ ಪತ್ರಿಕೆ. ಪತ್ರಿಕೋದ್ಯಮ ಓದುವ ನಾಲ್ಕು ವಿದ್ಯಾರ್ಥಿಗಳು ಮಳೆಗಾಲದಲ್ಲಿ ಒಂದು ತಿಂಗಳು ಹೋಬಳಿಯಲ್ಲೇ ಉಳಿಯಲಿ. ಊರಿನ ಹೈಸ್ಕೂಲು ಮಕ್ಕಳ ಜೊತೆ ಸೇರಿ ವಾರಕ್ಕೆ ಒಂದು ದೊಡ್ಡ ಹಾಳೆ ಬರೆದು ಬಸ್ಸು ನಿಲ್ಲುವಲ್ಲಿ ಅಂಟಿಸಲಿ. ಪಂಚಾಯತಿ ಸಭೆಯಲ್ಲಿ ಎಂತ ಆಯಿತು, ಯಾವ ರಸ್ತೆ ಕೆಟ್ಟಿದೆ, ಡಾಕ್ಟರು ಯಾವ ದಿನ ಬರುತ್ತಾರೆ ಎಂಬುದು ಅದರಲ್ಲಿ ಬರಲಿ. ತಪ್ಪು ಬರೆದರೆ ಬಸ್ಸಿಗೆ ಕಾಯುವವರೇ ತಿದ್ದುತ್ತಾರೆ. ಮಿಸ್ಸೌರಿಯ ಆ ಪರೀಕ್ಷೆ ಹುಲೇಕಲ್ಲಿನಲ್ಲೂ ನಡೆಯುತ್ತದೆ, ಖರ್ಚು ಹಾಳೆ ಮತ್ತು ಅಂಟಿನದು ಮಾತ್ರ.

ಎರಡನೆಯದು, ಹಿರಿಯರ ಮಾತು ಹಿಡಿದಿಡುವುದು. ನೀರಿನ ಒರತೆ ಎಲ್ಲೆಲ್ಲಿ ಇತ್ತು, ಹಿಂದೆ ಗುಡ್ಡ ಎಲ್ಲಿ ಜರಿದಿತ್ತು, ಯಾವ ಹಳ್ಳ ಎಷ್ಟು ಏರುತ್ತಿತ್ತು ಎಂಬುದು ಎಂಬತ್ತು ದಾಟಿದವರ ತಲೆಯಲ್ಲಿದೆ. ಅವರು ಹೋದರೆ ಅದೂ ಹೋಯಿತು. ತಾಳಮದ್ದಳೆಯ ಅರ್ಥಧಾರಿಗಳ ನೆನಪು, ಸಿದ್ದಿಯರ, ಕರಿಒಕ್ಕಲಿಗರ, ಮರಾಠಿಗರ ಹಾಡುಗಳು ಕೂಡ ಹಾಗೇ. ಮೊಬೈಲಿನಲ್ಲೇ ಧ್ವನಿಮುದ್ರಣ ಮಾಡಬಹುದು. ಬೇಕಾದದ್ದು ಕೇಳುವ ತಾಳ್ಮೆ, ಮತ್ತು ಮುದ್ರಿಸಿದ್ದರ ಒಂದು ಪ್ರತಿಯನ್ನು ಊರಿನಲ್ಲೇ ಬಿಟ್ಟು ಹೋಗುವ ಪ್ರಾಮಾಣಿಕತೆ.

ಮೂರನೆಯದು ರೇಡಿಯೊ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ರೇಡಿಯೊ ಧಾರವಾಡದ ಸುತ್ತಮುತ್ತ ಕೇಳುತ್ತದೆ. ನೂರು ಕಿಲೋಮೀಟರಿನ ಆಚೀಚೆ ಇರುವ ಹುಲೇಕಲ್ಲಿಗೆ ಅದು ಮುಟ್ಟುವ ಮಾತಿಲ್ಲ. ಆದರೆ ಅದೇ ವಿಶ್ವವಿದ್ಯಾಲಯದ ಅರಣ್ಯ ಕಾಲೇಜು ಶಿರಸಿಯಲ್ಲಿದೆ. ಕೃಷಿ ವಿಜ್ಞಾನ ಕೇಂದ್ರವೂ ಶಿರಸಿಯಲ್ಲಿದೆ. ಅರ್ಜಿ ಹಾಕಲು ಅರ್ಹರ ಪಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರದ ಹೆಸರು 2006ರಿಂದಲೇ ಇದೆ. ಸಂವಹನ ಶಾಲೆಯವರು ಮೈಕು ಹಿಡಿಯಲು ಕಲಿಸಲಿ, ಕೃಷಿ ಕೇಂದ್ರದವರು ಜಾಗ ಕೊಡಲಿ, ಸಹಕಾರಿ ಸಂಘಗಳು ಕೈಜೋಡಿಸಲಿ. 1923ರಲ್ಲೇ ತೋಟಗಾರರ ಸೇಲ್ ಸೊಸೈಟಿ ಕಟ್ಟಿ ಗಟ್ಟಿಮಾಡಿದ ಊರು ಇದು. ಕೂಡಿ ಕೆಲಸ ಮಾಡುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಅಡ್ಡಿಗಳೂ ಇವೆ

ಹೇಳಿದಷ್ಟು ಸುಲಭ ಅಲ್ಲ ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ಇದೂ ಇನ್ನೊಂದು ಬಣ್ಣದ ವರದಿ ಆಗುತ್ತದೆ.

ಎಫ್‌ಎಂ ಅಲೆ ನೇರಕ್ಕೆ ಹೋಗುವ ಜಾತಿಯದು. ಬಯಲುಸೀಮೆಯಲ್ಲಿ ಹದಿನೈದು ಕಿಲೋಮೀಟರು ಮುಟ್ಟುವುದು ನಮ್ಮಲ್ಲಿ ಒಂದು ಗುಡ್ಡ ಅಡ್ಡ ಬಂದರೆ ನಿಂತುಬಿಡುತ್ತದೆ. ನಮ್ಮ ಮನೆಗಳೋ ತಗ್ಗಿನ ತೋಟದ ಅಂಚಿನಲ್ಲಿ! ಕಂಬ ಎಲ್ಲಿ ನಿಲ್ಲಿಸಬೇಕೆಂಬುದನ್ನು ತಿಳಿದವರು ಬೆಟ್ಟ ಹತ್ತಿ ನೋಡಿಯೇ ಹೇಳಬೇಕು.

ಇನ್ನು ಸುದ್ದಿ. ಸಮುದಾಯ ರೇಡಿಯೊಗಳು ತಮ್ಮದೇ ರಾಜಕೀಯ ಸುದ್ದಿ ಓದುವ ಹಾಗಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೇ ಬಿತ್ತರಿಸಬಹುದು, ಅಷ್ಟೇ. ಆದರೆ ಹವಾಮಾನ, ಪ್ರಕೃತಿ ವಿಕೋಪ, ಆರೋಗ್ಯದ ಎಚ್ಚರಿಕೆ, ಕರೆಂಟು-ನೀರಿನ ಪ್ರಕಟಣೆ, ಪರೀಕ್ಷೆಯ ದಿನಾಂಕ, ಊರಿನ ಸಭೆ-ಸಮಾರಂಭ ಇವಕ್ಕೆ ಅಡ್ಡಿಯಿಲ್ಲ. ನಮಗೆ ತುರ್ತಾಗಿ ಬೇಕಾದದ್ದೂ ಇವೇ ತಾನೆ?

ಮೂರನೆಯ ಅಡ್ಡಿ ದುಡ್ಡು. ಹೊರಗಿನ ನೆರವು ಇರುವ ತನಕ ನಡೆದು, ನೆರವು ನಿಂತ ಮೇಲೆ ಕುಂಟುವುದು ಇಂಥ ಕೆಲಸಗಳ ಹಳೆ ರೋಗ. ಮೈಕು ಹಿಡಿಯಲು ಕಲಿತ ಹುಡುಗಿ ಮದುವೆಯಾಗಿ ಹೋಗುತ್ತಾಳೆ, ಹುಡುಗ ಬೆಂಗಳೂರಿಗೆ ಹೋಗುತ್ತಾನೆ. ಮತ್ತೆ ಮೊದಲಿಂದ ಕಲಿಸಬೇಕು. ಇದಕ್ಕೆ ಅಂಗಡಿಕಾರರು ಮನಸ್ಸು ಮಾಡಬೇಕು. 2006ರ ನಿಯಮದಲ್ಲಿ ಗಂಟೆಗೆ 5 ನಿಮಿಷ ಇದ್ದ ಜಾಹೀರಾತಿನ ಅವಕಾಶ 2024ರಲ್ಲಿ 12 ನಿಮಿಷಕ್ಕೆ ಏರಿದೆ. ಊರಿನ ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ, ಹೋಟೆಲು ಸೇರಿದರೆ ಕರೆಂಟು ಬಿಲ್ಲಾದರೂ ಹುಟ್ಟೀತು. ಊರಿನವರು ಹಾಕಿದ ದುಡ್ಡಿನಲ್ಲಿ ನಡೆದರೆ ಊರಿನವರಿಗೆ ಕೇಳುವ ಹಕ್ಕೂ ಇರುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಕಲಿತವರು ತಿರುಗಿ ಬರುವುದಿಲ್ಲ. ತೋಟ ಇದ್ದ ಮನೆಯಲ್ಲೂ ಮುದುಕರಿಬ್ಬರೇ ಉಳಿದ ಊರುಗಳು ನಮ್ಮ ಮೂರು ತಾಲೂಕಿನಲ್ಲಿ ಬೇಕಾದಷ್ಟಿವೆ. ಪತ್ರಿಕೋದ್ಯಮ ಕಲಿತ ಹುಡುಗಿಯೊಬ್ಬಳು ಬೆಂಗಳೂರಿನ ಚಾನೆಲ್ಲಿನಲ್ಲಿ ಸೇರಿದ್ದು ಶಾಲೆಯ ವರದಿಯಲ್ಲಿ ಸಾಧನೆ ಎಂದು ಬರುತ್ತದೆ. ಬರಲಿ, ಅವಳ ಶ್ರಮ ಅದು, ನಮಗೂ ಹೆಮ್ಮೆ. ಆದರೆ ಅವಳೇ ಊರಿಗೆ ಮರಳಿ ಗೋಡೆ ಪತ್ರಿಕೆಯನ್ನೋ ರೇಡಿಯೊವನ್ನೋ ನಡೆಸಿದರೆ ಅದನ್ನು ಸಾಧನೆ ಎಂದು ಬರೆಯಲು ವರದಿಯಲ್ಲಿ ಒಂದು ಕಲಮು ಇದೆಯೆ? ಕಲಮೇ ಇಲ್ಲದಿದ್ದರೆ ಮರಳುವವರು ಯಾರು?

ಲೆಕ್ಕ ಕೇಳುವವರು ಬೇಕು

ಪ್ರತಿ ವರ್ಷ ಜುಲೈ 1ರಂದು ಕಾಲೇಜುಗಳಲ್ಲಿ ಪತ್ರಿಕಾ ದಿನ ಆಚರಿಸುತ್ತಾರೆ. 1843ರ ಆ ದಿನ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತೆಗೆದದ್ದರ ನೆನಪಿಗೆ. ಸಭೆ, ಭಾಷಣ, ಸನ್ಮಾನ ಎಲ್ಲ ನಡೆಯುತ್ತದೆ. ಜುಲೈ ಎಂದರೆ ನಮ್ಮಲ್ಲಿ ಮಳೆ ಜೋರಾಗುವ ತಿಂಗಳು. ಕಳಚೆ ಕುಸಿದದ್ದೂ ಜುಲೈಯಲ್ಲಿ, ಶಿರೂರು ಕುಸಿದದ್ದೂ ಜುಲೈಯಲ್ಲಿ. ಪತ್ರಿಕಾ ದಿನದ ಸಭೆಯನ್ನು ಒಂದು ವರ್ಷ ಸಭಾಭವನದಿಂದ ಎತ್ತಿ ಹುಲೇಕಲ್ಲಿನಂಥ ಹೋಬಳಿ ಊರಿನಲ್ಲಿ ಇಟ್ಟುಕೊಂಡರೆ ಹೇಗೆ? ವಿದ್ಯಾರ್ಥಿಗಳು ಭಾಷಣ ಮಾಡದೆ ಊರವರ ಮಾತು ಕೇಳಿ ಬರೆದುಕೊಳ್ಳಲಿ. ಬರೆದದ್ದನ್ನು ಮುಂದಿನ ವಾರ ತಂದು ಊರವರಿಗೇ ಓದಿ ಹೇಳಲಿ.

ನಮ್ಮ ಕಡೆಯಿಂದಲೂ ಒಂದು ಕೆಲಸ ಬಾಕಿ ಇದೆ. ಮಗನನ್ನೋ ಮಗಳನ್ನೋ ಈ ಶಾಲೆಗಳಿಗೆ ಸೇರಿಸುವಾಗ ಫೀ ಎಷ್ಟು, ಹಾಸ್ಟೆಲು ಎಲ್ಲಿ, ನೌಕರಿ ಸಿಗುತ್ತದೋ ಎಂದು ಕೇಳುತ್ತೇವೆ. ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ಹೋದ ವರ್ಷ ನಿಮ್ಮ ವಿದ್ಯಾರ್ಥಿಗಳು ಯಾವ ಹಳ್ಳಿಗೆ ಹೋಗಿದ್ದರು, ಅಲ್ಲಿ ಎಂತ ಬಿಟ್ಟು ಬಂದರು? ಗ್ರಾಮ ಪಂಚಾಯತಿಯವರು, ಸಹಕಾರಿ ಸಂಘದವರು ಇದೇ ಪ್ರಶ್ನೆಯನ್ನು ಒಂದು ಕಾಗದದಲ್ಲಿ ಬರೆದು ವಿಭಾಗದ ಮುಖ್ಯಸ್ಥರಿಗೆ ಕಳಿಸಿದರೆ ಅಂಚೆಗೆ ಹತ್ತಾರು ರೂಪಾಯಿ ಖರ್ಚಾದೀತು, ಅಷ್ಟೇ. ಕೃಷಿ ವಿಜ್ಞಾನ ಕೇಂದ್ರದವರು ಅರ್ಜಿಯ ನಮೂನೆ ತರಿಸಿ ನೋಡಿದರೆ ಅದಕ್ಕೆ ಅದೂ ಬೇಡ.

ಮುಂದಿನ ಮಾರ್ಚಿಗೆ ಮತ್ತೆ ವರದಿಗಳು ಅಚ್ಚಾಗುತ್ತವೆ. ಅದರ ಕೊನೆಯ ಸಾಲಿನಲ್ಲಿ ಈ ಸಲವಾದರೂ ಒಂದು ಊರಿನ ಹೆಸರು, ಉಳಿದ ದಿನಗಳ ಲೆಕ್ಕ, ಮಾತಾಡಿದ ಜನರ ಸಂಖ್ಯೆ ಇರಲಿ ಎಂಬುದು ಈ ಭಾಗದವರ ಬೇಡಿಕೆ. ಸಂಬಂಧಪಟ್ಟವರು ಗಮನಿಸುವರೆ?